ಪಕ್ಕದ ಸೀಟಿನ ಪೆಡಲ್

ಮನೆಯಿಂದ,
ಭಾನುವಾರ, ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ನಿಮ್ಮ ಸೊಂಟ ಹೇಗಿದೆ? ಹಿಂದಿನ ಸಲ ಫೋನ್ ಮಾಡಿದಾಗ "ಪರವಾಗಿಲ್ಲ, ಪರವಾಗಿಲ್ಲ" ಎಂದು ಎರಡು ಸಲ ಅಂದಿರಿ. ನೀವು ಎರಡು ಸಲ ಪರವಾಗಿಲ್ಲ ಅಂದರೆ ನೋವು ಜಾಸ್ತಿಯಾಗಿದೆ ಅಂತಲೇ ಅರ್ಥ, ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅಷ್ಟಾದರೂ ಕಲಿತಿದ್ದೇನೆ. ಹಿಟ್ಟಿನ ಮೂಟೆಯನ್ನು ಒಬ್ಬರೇ ಎತ್ತಬೇಡಿ. ಇಪ್ಪತ್ತೆರಡು ಜನ ಆ ಹಡಗಿನಲ್ಲಿ ಮೂರು ಹೊತ್ತೂ ನಿಮ್ಮ ಕೈಯಡುಗೆ ತಿನ್ನುತ್ತಾರಲ್ಲ, ಅವರಲ್ಲಿ ಒಬ್ಬ ಬಂದು ಕೈ ಹಾಕಿದರೆ ಅವನ ಗಂಟೇನು ಹೋಗುತ್ತದೆ? ಮುಂಗೈಯ ಸುಟ್ಟ ಗಾಯ ಮಾಯ್ದಿದೆಯೇ? ಮುಲಾಮು ಕಳಿಸುತ್ತಿದ್ದೇನೆ, ನೆನಪಿಟ್ಟು ಹಚ್ಚಿಕೊಳ್ಳಿ. ಅದನ್ನೂ ಈ ಪತ್ರವನ್ನೂ ನಿಮ್ಮ ಹಡಗಿನ ಎಲೆಕ್ಟ್ರಿಷಿಯನ್ ಕೈಯಲ್ಲಿ ಕೊಡುತ್ತೇನೆ. ರಜೆ ಮುಗಿಸಿ ಬುಧವಾರ ಬೆಳಿಗ್ಗೆ ಹೊರಡುತ್ತಾರಂತೆ, ಶುಕ್ರವಾರ ಬಂದರಿನಲ್ಲಿ ನಿಮ್ಮನ್ನು ಸೇರಿಕೊಳ್ಳುತ್ತಾರಂತೆ.

"ಇಲ್ಲಿ ನಾವಿಬ್ಬರೂ ಕ್ಷೇಮ" ಎಂದು ಬರೆಯುವ ಜಾಗ ಇದು. ಬರೆಯಲು ಕೈ ಬರುತ್ತಿಲ್ಲ. ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡಿ. ಮೇಜರ್ ಹೊತ್ತುಹೊತ್ತಿಗೆ ತಿನ್ನುತ್ತಾಳೆ, ಕರೆದರೆ ಓಗೊಡುತ್ತಾಳೆ, ಮಾತಿಗೆ ಮಾತು ಸೇರಿಸಿ ಜಗಳವನ್ನೇ ಆಡುವುದಿಲ್ಲ. ಹದಿನೆಂಟು ವರ್ಷದ ಹುಡುಗಿ ಅಮ್ಮನ ಜೊತೆ ಜಗಳವಾಡುತ್ತಿಲ್ಲ ಅಂದರೆ ಏನೋ ಕೆಟ್ಟಿದೆ ಎಂದು ನಿಮಗೂ ಗೊತ್ತು. ಮೂರು ವರ್ಷದವಳಿದ್ದಾಗ ಸ್ಟೂಲಿನ ಮೇಲೆ ನಿಂತು "ಅಪ್ಪಾ, ಚಪ್ಪಲಿ ಆ ಕಡೆ ಇಡು, ಅಮ್ಮಾ, ನೀನು ಕೂತ್ಕೋ" ಎಂದು ಹುಕುಂ ಮಾಡುತ್ತಿದ್ದಳೆಂದು ತಾನೆ ನೀವು ಆ ಹೆಸರಿಟ್ಟದ್ದು. ಈಗ ಕಿಟಕಿ ತೆರೆಯಬೇಕಾದರೂ ನನ್ನ ಮುಖ ನೋಡುತ್ತಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಎರಡು ಕೋಣೆಯ ಮನೆ, ನಾನು ಪಿಸುಗುಟ್ಟಿದರೂ ಅವಳಿಗೆ ಕೇಳಿಸುತ್ತದೆ. ಅದಕ್ಕೇ ಹೋದ ವಾರ ನೀವು ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಹೇಳಿದೆ.

ವಿಷಯಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ, ಶನಿವಾರ ಬೆಳಿಗ್ಗೆ, ಮೇಜರ್ ಓಡಿಸುತ್ತಿದ್ದ ಕಾರು ಒಬ್ಬರಿಗೆ ಬಡಿಯಿತು. ನಮ್ಮಣ್ಣನ ಕಾರು. ಅವಳಿಗೆ ಲೈಸೆನ್ಸ್ ಬಂದು ಹದಿನೈದು ದಿನವಾಗಿತ್ತು. ಸೋದರಸೊಸೆ ಮೊದಲ ಸಲಕ್ಕೇ ಪಾಸಾದಳು ಎಂಬ ಹೆಮ್ಮೆಗೆ ಅಣ್ಣ ಹಿಂದಿನ ಸಂಜೆ ತಾನೇ ಬಂದು ಕೀಲಿಕೈ ಕೊಟ್ಟು ಹೋಗಿದ್ದ, ಲೈಸೆನ್ಸ್ ಬಂದ ಮೇಲೆ ಅವಳು ಕಾರು ಓಡಿಸಿದ್ದು ಅದೇ ಮೊದಲು. ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ. ಔಷಧಿ ಅಂಗಡಿ ದಾಟಿದ ಮೇಲೆ ಶಾಲೆಯ ಕಾಂಪೌಂಡಿನ ಉದ್ದಕ್ಕೂ ವ್ಯಾನುಗಳನ್ನು ನಿಲ್ಲಿಸುತ್ತಾರಲ್ಲ, ಅಲ್ಲಿ ಎರಡು ವ್ಯಾನಿನ ಮಧ್ಯದಿಂದ ಮೂಲೆಯ ಬೀಗ ರಿಪೇರಿ ಅಂಗಡಿಯ ಅಜ್ಜ ರಸ್ತೆಗೆ ಬಂದರು. ಕಾರು ಜೋರಾಗಿರಲಿಲ್ಲ. ಅಜ್ಜ ನನಗೂ ಕಂಡರು, ಅವಳಿಗೂ ಕಂಡರು, ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ನನ್ನ ಬಲಗಾಲು ತಾನಾಗಿ ಮುಂದೆ ಹೋಗಿ ಒತ್ತಿತು. ಅಲ್ಲಿ ಪೆಡಲ್ ಇರಲಿಲ್ಲ. ಅಣ್ಣನ ಕಾರಿನಲ್ಲಿ ಆ ಜಾಗದಲ್ಲಿ ಮಣ್ಣು ಹತ್ತಿದ ರಬ್ಬರ್ ಮ್ಯಾಟು ಇದೆ. ನಾನು ಮ್ಯಾಟನ್ನು ಒತ್ತುತ್ತಲೇ ಇದ್ದೆ, ಕಾರು ಹೋಗುತ್ತಲೇ ಇತ್ತು. ಅಜ್ಜನಿಗೆ ಬಡಿದ ಮೇಲೆಯೇ ಅದು ನಿಂತದ್ದು.

ಅಜ್ಜ ಬದುಕಿದ್ದಾರೆ. ತೊಡೆಯ ಮೂಳೆ ಮುರಿದಿದೆ, ಒಳಗೆ ರಾಡ್ ಹಾಕಿದ್ದಾರೆ. ಮೇಜರ್ ದಿನಾ ಸಂಜೆ ಆಸ್ಪತ್ರೆಗೆ ಹೋಗಿ ಅವರ ಮಂಚದ ಪಕ್ಕ ಕೂರುತ್ತಾಳೆ. "ನಾನೇ ನೋಡ್ದೆ ಬಂದೆ ಮಗು, ನೀನ್ಯಾಕೆ ಅಳ್ತೀಯ" ಎಂದು ಅವರೇ ಇವಳ ಕಣ್ಣೊರೆಸುತ್ತಾರೆ. ಆದರೆ ಇನ್ನು ಮುಂದೆ ಅವರು ಆ ತಗ್ಗು ಸ್ಟೂಲಿನ ಮೇಲೆ ಕೂತು ಕೆಲಸ ಮಾಡುವ ಹಾಗಿಲ್ಲವಂತೆ, ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಂಗಡಿಯ ಬಾಗಿಲು ಮುಚ್ಚಿದೆ, ನಾನು ಕೆಲಸಕ್ಕೆ ಹೋಗುವ ದಾರಿ ಅದೇ. ಇನ್‌ಸ್ಪೆಕ್ಟರ್ ಬಂದು ರಸ್ತೆಯನ್ನು ಟೇಪು ಹಿಡಿದು ಅಳೆದರು. "ಬ್ರೇಕ್ ಹಾಕಿದ್ಯೇನಮ್ಮಾ" ಎಂದು ಕೇಳಿದರು. ಹಾಕಿದೆ ಅಂದಳು. "ಹಾಕಿದ್ರೆ ನಿಲ್ತಿತ್ತಲ್ಲಮ್ಮಾ" ಅಂದರು. ಮೆಕ್ಯಾನಿಕ್ ನೋಡಿದ, ಕಾರಿನ ಬ್ರೇಕು ಸರಿಯಾಗಿಯೇ ಇತ್ತು. ಆವತ್ತು ಮನೆಗೆ ಬಂದು ಅವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಕಾಲು ಬ್ರೇಕಿನ ಮೇಲೇ ಇತ್ತಮ್ಮಾ. ಯಾವಾಗ್ಲೂ ಒತ್ತೋ ಹಾಗೇ ಒತ್ತಿದೆ. ಯಾಕೆ ನಿಲ್ಲಲಿಲ್ಲ?" ನನಗೆ ಉತ್ತರ ಗೊತ್ತಿತ್ತು. ಕೈಕಾಲು ತೊಳೆದುಕೋ, ಊಟಕ್ಕೆ ಬಡಿಸುತ್ತೇನೆ ಅಂದೆ.

ತನ್ನ ಕಾಲಿನಲ್ಲೇ ಏನೋ ಐಬಿದೆ ಎಂದು ಅವಳು ತೀರ್ಮಾನ ಮಾಡಿಕೊಂಡಿದ್ದಾಳೆ. ನರದ ಡಾಕ್ಟರಲ್ಲಿಗೆ ತಾನೇ ಹೋಗಿಬಂದಳು. ಅವರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಿ ಎಲ್ಲ ಚೆನ್ನಾಗಿದೆ ಅಂದರು, ಅದನ್ನೂ ನಂಬಲಿಲ್ಲ. ನಮ್ಮ ಬಚ್ಚಲಿನಲ್ಲಿ ತೂಕ ನೋಡುವ ಯಂತ್ರವಿದೆಯಲ್ಲ, ನೀವು ರಜೆಯಲ್ಲಿ ಬಂದಾಗಲೆಲ್ಲ ಹತ್ತಿ ನಿಂತು ಸುಳ್ಳು ಯಂತ್ರ ಎಂದು ಬೈಯುವುದು, ಅದನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಾಳೆ. ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಬಲಗಾಲಿನಿಂದ ಅದನ್ನು ಒತ್ತುತ್ತಾಳೆ. ಮುಳ್ಳು ಎಷ್ಟಕ್ಕೆ ಹೋಯಿತೆಂದು ಬಗ್ಗಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮತ್ತೆ ಒತ್ತುತ್ತಾಳೆ. ಒಳಗಿನಿಂದ ಆ ಕುರ್ಚಿ ಕಿರುಗುಟ್ಟುವ ಸದ್ದು ಬಂದರೆ ನನ್ನ ಕೈಲಿದ್ದ ಕೆಲಸ ನಿಂತುಹೋಗುತ್ತದೆ.

ಇನ್ನು ಅವಳ ಸೀಟಿನ ಮಾತು. ಕೃತಕ ಕೈಕಾಲು ತಯಾರಿಸುವ ಆ ತರಬೇತಿ ಶಾಲೆಯವರು ಇನ್ನೂರು ಜನರಲ್ಲಿ ಹನ್ನೆರಡು ಮಂದಿಯನ್ನು ಆರಿಸಿಕೊಂಡರು, ಅದರಲ್ಲಿ ಇವಳೊಬ್ಬಳು. ನನಗೆ ಗೊತ್ತಿಲ್ಲದ ಹಾಗೆ ಅರ್ಜಿ ಹಾಕಿ, ತಾನು ಓದುವ ಶಾಲೆಯ ವರ್ಕ್‌ಶಾಪಿನಲ್ಲಿ ಮೊಣಕಾಲಿನ ಕೀಲು ಮಾಡಿ ಕಳಿಸಿ, ನಿಮ್ಮಿಂದ ಸಹಿ ಹಾಕಿಸಿಕೊಂಡು, ಸೀಟು ಸಿಕ್ಕ ಕಾಗದ ಬಂದ ಮೇಲೆ ತಾನೆ ನೀವಿಬ್ಬರೂ ಬಾಯಿ ಬಿಟ್ಟಿದ್ದು. ಅಪ್ಪ ಮಗಳು ಸೇರಿ ನನ್ನ ಕಿವಿಯ ಮೇಲೆ ಹೂವಿಟ್ಟಿರಿ ಎಂದು ಹದಿನೈದು ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದೆ. ಈಗ ಅವಳು ಹೋಗುವುದಿಲ್ಲವಂತೆ. "ನಾನು ಮಾಡಿದ ಕಾಲನ್ನ ನಂಬಿ ಯಾರೋ ಮೆಟ್ಟಿಲು ಇಳೀತಾರೆ. ನನ್ ಕಾಲನ್ನೇ ನಾನು ನಂಬೋ ಹಾಗಿಲ್ಲ" ಅಂದಳು. ಹಾಸ್ಟೆಲಿಗೆಂದು ತಂದಿಟ್ಟ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ್ದಾಳೆ. ಬರುತ್ತೇನೋ ಇಲ್ಲವೋ ಎಂದು ಇದೇ ಇಪ್ಪತ್ತನೇ ತಾರೀಖಿನೊಳಗೆ ತಿಳಿಸಬೇಕು.

ಈಗ ಉಳಿದದ್ದನ್ನು ಹೇಳುತ್ತೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ, ಅದನ್ನು ಒತ್ತಿದರೆ ಬಜರ್ ಕೂಗುತ್ತದೆ. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ಕೈಕೆಳಗೆ ಕಲಿತು ಮೂರು ಸಲ ಫೇಲಾದವರು ನೀವು, ನಿಮ್ಮ ಪಾಠದ ಹೊತ್ತಿನಲ್ಲಿ ಆ ಬಜರ್ ಬಾಯಿ ಮುಚ್ಚಿದ್ದೇ ಕಡಿಮೆ. ಅದು ಇರುವುದೇ ಕಲಿಯುವವರಿಗೆ ಗೊತ್ತಾಗಲೆಂದು, ಕಾರು ನಿಲ್ಲಿಸಿದ್ದು ನೀನಲ್ಲ, ಪಕ್ಕದವರು ಎಂದು. ಮೇಜರ್‌ಗೆ ಕಲಿಸಲು ಶುರು ಮಾಡಿದ ಮೊದಲ ವಾರ ಅದು ಕೂಗಿದಾಗಲೆಲ್ಲ ಅವಳ ಮುಖ ಬಾಡುತ್ತಿತ್ತು. "ನನ್ನ ಕೈಲಿ ಆಗಲ್ಲ ಬಿಡಮ್ಮಾ" ಎನ್ನುತ್ತಿದ್ದಳು. ಎರಡನೇ ವಾರ ನಾನು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಬಜರಿನ ತಂತಿಯನ್ನು ಬಿಡಿಸಿದೆ. ಅವಳ ಪಾಠಕ್ಕೆ ಮುಂಚೆ ಬಿಡಿಸುವುದು, ಮುಗಿದ ಮೇಲೆ ಮತ್ತೆ ಸಿಕ್ಕಿಸುವುದು. ಐದು ತಿಂಗಳು ಹೀಗೇ ಮಾಡಿದೆ. ಧೈರ್ಯ ಬರಲಿ ಎಂದು ಮಾಡಿದೆ, ನನ್ನಾಣೆ.

ಧೈರ್ಯ ಬಂತು. ಆದರೆ ನನ್ನ ಕಾಲು ಪೆಡಲಿನಿಂದ ಏಳಲಿಲ್ಲ. ಬೇರೆ ವಿದ್ಯಾರ್ಥಿಗಳಿಗೆ ಮೂರನೇ ವಾರಕ್ಕೆ ಬ್ರೇಕ್ ಬಿಟ್ಟುಕೊಡುವವಳು ನಾನು. ಇವಳ ವಿಷಯದಲ್ಲಿ ನಾಯಿ ಅಡ್ಡ ಬರುವ ಮೊದಲು, ಸೈಕಲ್ಲು ತಿರುಗುವ ಮೊದಲು, ಅವಳ ಕಣ್ಣಿಗೆ ಬೀಳುವ ಮೊದಲೇ ನಾನು ಒತ್ತಿರುತ್ತಿದ್ದೆ. ಆ ಎರಡು ಪೆಡಲಿಗೂ ಒಂದೇ ಜೋಡಣೆ. ನಾನು ಒತ್ತಿದರೆ ಅವಳದ್ದೂ ಜೊತೆಗೇ ಕೆಳಗಿಳಿಯುತ್ತದೆ. ಮೇಲೆ ಹಗುರವಾಗಿ ಕಾಲಿಟ್ಟವಳಿಗೆ ತಾನೇ ಒತ್ತಿದೆ ಅನ್ನಿಸುತ್ತದೆ. ಹೂವಿನ ಮೇಲೆ ಕಾಲಿಟ್ಟ ಹಾಗೆ ಇಟ್ಟರೆ ಸಾಕು, ಕಾರು ನಿಲ್ಲುತ್ತದೆ ಎಂದು ಅವಳ ಕಾಲು ಕಲಿತುಬಿಟ್ಟಿತು. ಪರೀಕ್ಷೆಯ ದಿನ ನನ್ನ ಜಾಗದಲ್ಲಿ ಅಧಿಕಾರಿ ಕೂತಿದ್ದರು, ನಾನು ಹಿಂದೆ. ರಸ್ತೆ ಖಾಲಿಯಿತ್ತು, ಗಟ್ಟಿಯಾಗಿ ಬ್ರೇಕ್ ಹಾಕುವ ಪ್ರಸಂಗವೇ ಬರಲಿಲ್ಲ. ಪಾಸಾದಳು. ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅಜ್ಜನ ಕಾಲು ಮುರಿದದ್ದು ಅವಳಲ್ಲ, ನಾನು.

ನಿಮಗೆ ಸಿಟ್ಟು ಬಂದಿರುತ್ತದೆ. "ಅವಳ ಪಾಡಿಗೆ ಅವಳನ್ನ ಬಿಡೇ ಮಾರಾಯ್ತಿ" ಎಂದು ನೀವು ಪ್ರತಿ ಬಂದರಿನಿಂದಲೂ ಹೇಳಿದ್ದೀರಿ. ನಿಜ ಹೇಳಲೇ? ನೀರಿನ ಮೇಲೆ ಕೂತು ಅದನ್ನು ಹೇಳುವುದು ಸುಲಭ. ಅವಳಿಗೆ ಎರಡು ವರ್ಷವಿದ್ದಾಗ ಜ್ವರ ನೆತ್ತಿಗೇರಿ ಫಿಟ್ಸ್ ಬಂದು ನನ್ನ ತೋಳಿನಲ್ಲಿ ಮರದ ಕೊರಡಿನ ಹಾಗೆ ಸೆಟೆದುಕೊಂಡಿದ್ದಳು. ನೀವು ಆಗ ದಡದಿಂದ ಹನ್ನೊಂದು ದಿನದ ದೂರದಲ್ಲಿದ್ದಿರಿ. ನೀವು ಬರುವ ಹೊತ್ತಿಗೆ ಅವಳು ಸ್ಟೂಲಿನ ಮೇಲೆ ನಿಂತು ಹುಕುಂ ಮಾಡುತ್ತಿದ್ದಳು. ನೀವು ನೋಡಿದ್ದು ಆ ಮಗುವನ್ನು, ನನ್ನ ಕೈ ಇನ್ನೂ ಮರೆಯದಿರುವುದು ಸೆಟೆದುಕೊಂಡ ಈ ಮಗುವನ್ನು. ಸಬೂಬು ಹೇಳುತ್ತಿಲ್ಲ. ಹೇಗೆ ಶುರುವಾಯಿತೆಂದು ಹೇಳುತ್ತಿದ್ದೇನೆ ಅಷ್ಟೆ.

ಒಂದು ಹೇಳಿದ ಮೇಲೆ ಎಲ್ಲವನ್ನೂ ಹೇಳಿಬಿಡುತ್ತೇನೆ. ಹತ್ತನೇ ಕ್ಲಾಸಿನ ರಜೆಯಲ್ಲಿ ಅವಳು ಒಬ್ಬಳೇ ಬಸ್ಸು ಹತ್ತಿ ನನ್ನ ತಂಗಿಯ ಮನೆಗೆ ಹೋಗಿಬಂದಳು, ನೀವು ಶಾಭಾಸ್ ಎಂದು ಹಡಗಿನಿಂದ ಸಂದೇಶ ಕಳಿಸಿದ್ದಿರಿ. ಎರಡು ಗಂಟೆಯ ಆ ದಾರಿಯ ಉದ್ದಕ್ಕೂ ನಾನು ಬಸ್ಸಿನ ಹಿಂದೆಯೇ ಇದ್ದೆ, ಸ್ಕೂಲಿನ ಕಾರಿನಲ್ಲಿ, ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತುಕೊಂಡು. ಓಡಿಸುತ್ತಿದ್ದವರು ನಿವೃತ್ತ ಗುಮಾಸ್ತರೊಬ್ಬರು, ಅವರಿಗೆ ಅದು ಆರನೇ ಪಾಠ. "ಮೇಡಂ, ಇಷ್ಟು ಬೇಗ ಹೈವೇ ಕಲಿಸ್ತಾರಾ" ಎಂದು ಕೇಳುತ್ತ, ಬೆವರೊರೆಸಿಕೊಳ್ಳುತ್ತ, ಪಾಪ, ಎಲ್ಲಿಯೂ ಬಸ್ಸು ಕಣ್ತಪ್ಪದ ಹಾಗೆ ಹಿಂಬಾಲಿಸಿದರು. ಅವಳು ತಂಗಿಯ ಮನೆಯ ಗೇಟು ತೆಗೆದದ್ದನ್ನು ನೋಡಿಯೇ ಕಾರು ತಿರುಗಿಸಲು ಹೇಳಿದೆ. ಬರೆಯುವಾಗ ನನಗೇ ನಗು ಬರುತ್ತಿದೆ. ನಗುವ ವಿಷಯವಲ್ಲ ಎಂದೂ ಗೊತ್ತಿದೆ.

ಎಲ್ಲಕ್ಕಿಂತ ಕೆಟ್ಟದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಅವಳು ಹಾಸ್ಟೆಲಿಗೆ ಹೋಗಲ್ಲ ಅಂದಾಗ ನನಗೆ ದುಃಖವಾಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಆವತ್ತು ಅವಳಿಗಿಷ್ಟದ ಅಡುಗೆಯನ್ನೂ ಮಾಡಿದೆ. ಮಗಳು ಕುರ್ಚಿಯಲ್ಲಿ ಕೂತು ತೂಕದ ಯಂತ್ರ ಒತ್ತುತ್ತಿದ್ದಾಳೆ, ಅಮ್ಮ ಒಲೆಯ ಮುಂದೆ ಸಮಾಧಾನವಾಗಿ ನಿಂತಿದ್ದಾಳೆ. ಮೂರು ವಾರ ನಾನು ಬಾಯಿ ಮುಚ್ಚಿಕೊಂಡಿದ್ದು ಅಜ್ಜನ ಭಯಕ್ಕಲ್ಲ, ಪೊಲೀಸರ ಭಯಕ್ಕಲ್ಲ, ಕೆಲಸ ಹೋಗುತ್ತದೆಂದೂ ಅಲ್ಲ. ನಿಜ ಗೊತ್ತಾದರೆ ಅವಳು ಪೆಟ್ಟಿಗೆ ಎಳೆದು ಹೊರಟುಬಿಡುತ್ತಾಳೆ ಎಂದು. ಇಂಥ ತಾಯಿ ನಾನು. ನಿನ್ನೆ ಅವಳ ನೋಟ್‌ಬುಕ್ಕನ್ನು ಕದ್ದು ನೋಡಿದೆ. ಹನ್ನೆರಡು ಪುಟ ಬರೀ ಅಂಕಿ, ಕೊನೆಯಲ್ಲಿ "ಇನ್ನೂ ಸಾಲದು" ಎಂದು ಬರೆದಿದ್ದಾಳೆ. ಇನ್ನು ತಡೆಯಲಾರೆ. ಬುಧವಾರದೊಳಗೆ ತಂತಿಯ ವಿಷಯ, ಬಸ್ಸಿನ ವಿಷಯ, ಎಲ್ಲವನ್ನೂ ಅವಳ ಮುಂದೆ ಇಡುತ್ತೇನೆ. ಸ್ಕೂಲಿನ ಮಾಲೀಕರಿಗೂ ಇನ್‌ಸ್ಪೆಕ್ಟರಿಗೂ ಆಮೇಲೆ. ಬೈಯಲಿ, ಕಿರುಚಲಿ, ತಟ್ಟೆ ಎಸೆಯಲಿ. ತನ್ನ ಕಾಲು ಸರಿಯಾಗಿದೆ ಎಂದು ಅವಳಿಗೆ ಗೊತ್ತಾಗುತ್ತದಲ್ಲ, ನನಗೆ ಅಷ್ಟು ಸಾಕು.

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಗಾಳಿಯಲ್ಲಿ ತಲೆ ಬಿಟ್ಟುಕೊಂಡು ನಿಲ್ಲಬೇಡಿ. ಎಲೆಕ್ಟ್ರಿಷಿಯನ್ ಸಾಹೇಬರಿಗೆ ಒಂದು ದಿನವಾದರೂ ಹೊಟ್ಟೆ ತುಂಬ ಬಡಿಸಿ, ನಮ್ಮ ಪತ್ರ ಹೊತ್ತು ತಂದವರು.

ಸಿಟ್ಟು ಇಳಿದ ಮೇಲೆ ಎರಡು ಸಾಲು ಬರೆಯಿರಿ.

ನಿಮ್ಮವಳು,
ನಿಮ್ಮನ್ನು ಮೂರು ಸಲ ಫೇಲ್ ಮಾಡಿಸಿದ ಮೇಡಂ

ತಾ.ಕ.: ಬುಧವಾರ ಬೆಳಿಗ್ಗೆ. ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತಿದ್ದಾರೆ, ಗೀಚುತ್ತಿದ್ದೇನೆ. ನಿನ್ನೆ ಸಂಜೆ ಹೇಳಿದೆ. ಅವಳು ಕಿರುಚಲಿಲ್ಲ. "ಎಷ್ಟು ಸಲ ಒತ್ತಿದ್ದೆ?" ಅಂದಳು. ಯಾವಾಗಲೂ ಅಂದೆ. "ಇನ್ನೇನೇನು?" ಅಂದಳು. ಬಸ್ಸಿನದ್ದು ಹೇಳಿದೆ, ನಾಲ್ಕನೇ ಕ್ಲಾಸಿನ ನಾಟಕಕ್ಕೆ ಟೀಚರ ಕೈಕಾಲು ಹಿಡಿದು ಪಾತ್ರ ಕೊಡಿಸಿದ್ದು ಹೇಳಿದೆ, ಜಗಳವಾಡಿ ಹೋದ ಅವಳ ಗೆಳತಿಯನ್ನು ನಾನೇ ಹೋಗಿ ಕರೆದು ತಂದದ್ದನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು "ಹಾಗಾದ್ರೆ ಆ ಸೀಟು?" ಅಂದಳು. ಅದು ನೀನೇ ಸಂಪಾದಿಸಿದ್ದು, ನನಗೆ ಗೊತ್ತೇ ಇರಲಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟೆ. "ಅಪ್ಪ ಆಗ್ಲೇ ನಿಂಗೆ ಹೇಳಿರ್ತಾರೆ, ನೀನು ಅಲ್ಲಿ ಯಾರನ್ನೋ ಹಿಡಿದಿರ್ತೀಯ. ಬಜರ್ ಕೂಗದೇ ಇದ್ರೆ ನಂಗೆ ಹೇಗೆ ಗೊತ್ತಾಗುತ್ತೆ" ಅಂದಳು. ಬೆಳಗಿನಿಂದ ಆ ಕುರ್ಚಿಯಲ್ಲೂ ಕೂತಿಲ್ಲ. ನಾನು ಹೇಳಿದ ಒಂದು ನಿಜವನ್ನು ಅವಳು ನಂಬುತ್ತಿಲ್ಲ. ನಿಮ್ಮನ್ನು ನಂಬುತ್ತಾಳೆ. ಶುಕ್ರವಾರ ಬಂದರಿಗೆ ಇಳಿದ ಕೂಡಲೇ ಅವಳ ಫೋನಿಗೇ ಮಾಡಿ. ಆ ಸೀಟಿನ ವಿಷಯ ನೀವು ನನಗೆ ಒಂದಕ್ಷರವೂ ಹೇಳಿರಲಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ತಾನಾಗಿ ನೆನಪಾಗಿ ಹೇಳಿದ ಹಾಗೆ ಹೇಳಿ. ಆ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ಈ ಪತ್ರ ಬಂದದ್ದು ಮಾತ್ರ ಅವಳಿಗೆ ತಿಳಿಯಬಾರದು.